ಅಜ್ಜಾರ ಪದಕ ರೆಕಾರ್ಡಿನಾಗ ಐತೇನು?

ಗಡಿಭಾಗದ ಗೆಳೆಯರೇ, ಉದಗಾಂವ, ಗಡಹಿಂಗ್ಲಜ ಕಡೆ ಮಿಲಿಟರಿಗೆ ಹೋಗಿ ಬಂದ ಅಜ್ಜಾರ ಮನೆಯಾಗ ಪದಕ ಟ್ರಂಕಿನಾಗ ಇರ್ತಾವು. ಡಿಸ್ಚಾರ್ಜ್ ಬುಕ್ ತೆಗೆದು ನೋಡೀರೇನು? 1971ರ ಸಂಗ್ರಾಮ್ ಮೆಡಲ್, ಪೂರ್ವಿ ಸ್ಟಾರ್ ಅದರಾಗ ಬರೆದಾರಾ?

ಶೌರ್ಯ ಪದಕ ಆದರೆ ರೊಕ್ಕದ ಮಾತೂ ಹೌದು. 2017ರ ಆಗಸ್ಟ್‌ನಿಂದ ವೀರ ಚಕ್ರಕ್ಕೆ ತಿಂಗಳಿಗೆ 7,000, ಶೌರ್ಯಕ್ಕೆ ಕೊಟ್ಟ ಸೇನಾ ಮೆಡಲ್‌ಗೆ 2,000 ರೂಪಾಯಿ ಭತ್ಯೆ ನಿಗದಿಯಾಗಿದೆ. ಅವರ ನಂತರ ಹೆಂಡತಿಗೂ ಸಲ್ಲುತ್ತದೆ. ಸಂಗ್ರಾಮ್ ಮೆಡಲ್‌ಗೆ ತಿಂಗಳ ಹಣ ಇಲ್ಲ, ಹಂಗಂತ ಬಿಡಬೇಕಾ? ಯುದ್ಧಕ್ಕೆ ಹೋದದ್ದು ಸುಳ್ಳಾ?

ಬ್ಯಾಂಕಿನಾಗ ಕೂತ ನಾವು ಇದರಲ್ಲಿ ಒಂದಕ್ಷರ ತಿದ್ದಲಾರೆವು. ಪಿಂಚಣಿ ಈಗ 'ಸ್ಪರ್ಶ್' ವ್ಯವಸ್ಥೆಯಿಂದ ನೇರ ಖಾತೆಗೆ ಬೀಳುತ್ತದೆ. ಸೇವಾ ದಾಖಲೆ ತಿದ್ದೋದು ರೆಜಿಮೆಂಟಿನ ರೆಕಾರ್ಡ್ ಆಫೀಸು. ಮರಾಠಾ ಲೈಟ್ ಇನ್‌ಫೆಂಟ್ರಿಯದ್ದು ನಮ್ಮ ಬೆಳಗಾವಿಯಲ್ಲೇ ಇದೆ! ಅಜ್ಜಾರ ಸಹಿ ಮಾಡಿಸಿದ ಅರ್ಜಿ, ಡಿಸ್ಚಾರ್ಜ್ ಬುಕ್ಕಿನ ನಕಲು, ಪದಕದ ಅಂಚಿನ ಮೇಲೆ ಕೊರೆದ ನಂಬರ್ ಹೆಸರು ಕಾಣುವ ಫೋಟೋ, ಇಷ್ಟನ್ನ ಸ್ಪೀಡ್ ಪೋಸ್ಟ್ ಮಾಡ್ರಿ. ರಸೀದಿ ಇಟ್ಕೊಳ್ರಿ. ಉತ್ತರ ಬರದಿದ್ದರೆ ಆರ್‌ಟಿಐ ಹಾಕಲು ಬರುತ್ತದೆ. ಕೊಲ್ಹಾಪುರದ ಜಿಲ್ಲಾ ಸೈನಿಕ ಕಚೇರಿಯಲ್ಲೂ ಕೇಳ್ರಿ. ಆಧಾರ್‌ನಲ್ಲಿ ಒಂದು ಹೆಸರು, ಬುಕ್ಕಿನಾಗ ಇನ್ನೊಂದು ಇದ್ದರೆ ಮೊದಲು ಅದನ್ನ ಸರಿ ಮಾಡಿಸ್ರಿ. ನಮ್ಮ ಕಡೆ ಬಹಳ ಅರ್ಜಿ ಅಲ್ಲೇ ಸಿಕ್ಕಿಬೀಳ್ತಾವು.