ಎಚ್ಚರಿಕೆಯ ಪತ್ರ ಯಾರ ಹೆಸರಿಗೆ ಬರುತ್ತದೆ?

ವಿದ್ಯುತ್ ಬಿಲ್ಲಿನಂತೆಯೇ ಅಂತರ್ಜಾಲ ಸಂಪರ್ಕದ ಬಿಲ್ಲೂ ಸಂಸ್ಥೆಯ ಹೆಸರಿನಲ್ಲಿಯೇ ಬರುತ್ತದೆ. ಆದರೆ ಆ ಸಂಪರ್ಕವನ್ನು ಬಳಸುವವರು ಗುಮಾಸ್ತರಿಂದ ಮೊದಲ್ಗೊಂಡು ಮಾಲೀಕರ ಮಕ್ಕಳವರೆಗೆ ಹಲವರು. ಇವರಲ್ಲಿ ಯಾರೋ ಒಬ್ಬರು ಚಲನಚಿತ್ರವನ್ನೋ ತಂತ್ರಾಂಶವನ್ನೋ ಅಕ್ರಮವಾಗಿ ಇಳಿಸಿಕೊಂಡರೆ ಉತ್ತರ ಹೇಳಬೇಕಾದವರು ಯಾರು? ಸದಸ್ಯ ಬಾಂಧವರು ಈ ಪ್ರಶ್ನೆಯನ್ನು ಅಲಕ್ಷಿಸಬಾರದೆಂಬುದು ನನ್ನ ವಿನಮ್ರ ಅಭಿಪ್ರಾಯ.

ಟೊರೆಂಟ್ ವಿಧಾನದಲ್ಲಿ ಕಡತವನ್ನು ಪಡೆಯುವವನು ಅದರ ತುಣುಕುಗಳನ್ನು ಇತರರಿಗೆ ಹಂಚುತ್ತಲೂ ಇರುತ್ತಾನೆ. ಆಗ ಅವನ ಸಂಪರ್ಕದ ಐಪಿ ವಿಳಾಸವು ಎಲ್ಲರಿಗೂ ಕಾಣುತ್ತದೆ. ಹಕ್ಕುದಾರರ ಪ್ರತಿನಿಧಿಗಳು ವಿಳಾಸ ಮತ್ತು ಸಮಯವನ್ನು ಗುರುತಿಸಿಕೊಂಡು ಸೇವಾದಾರ ಸಂಸ್ಥೆಗೆ ತಿಳಿಸುತ್ತಾರೆ. ಆ ಸಂಸ್ಥೆಯು ಗ್ರಾಹಕನಿಗೆ ಎಚ್ಚರಿಕೆ ನೀಡುತ್ತದೆ. ಈ ವಿಳಾಸ ಸೂಚಿಸುವುದು ಸಂಪರ್ಕವನ್ನೇ ಹೊರತು ವ್ಯಕ್ತಿಯನ್ನಲ್ಲ.

ಫ್ರಾನ್ಸ್ ದೇಶವು 2009ರಲ್ಲಿ ಇದಕ್ಕಾಗಿಯೇ ‘ಹಡೋಪಿ’ ಎಂಬ ಪ್ರಾಧಿಕಾರವನ್ನು ರಚಿಸಿತು. ಮೊದಲು ಇ-ಮೇಲ್, ನಂತರ ನೋಂದಾಯಿತ ಅಂಚೆ, ಆಮೇಲೆ ನ್ಯಾಯಾಲಯ ಎಂಬುದು ಅಲ್ಲಿಯ ಕ್ರಮ. ನ್ಯಾಯಾಧೀಶರ ಆದೇಶವಿಲ್ಲದೆ ಪ್ರಾಧಿಕಾರವೇ ಸಂಪರ್ಕ ಕಡಿತಗೊಳಿಸುವಂತಿಲ್ಲವೆಂದು ಅಲ್ಲಿನ ಸಂವಿಧಾನ ಮಂಡಳಿಯು ಅದೇ ವರ್ಷದ ಜೂನ್‌ನಲ್ಲಿ ತೀರ್ಪಿತ್ತಿತು. ಆದಾಗ್ಯೂ ತನ್ನ ಸಂಪರ್ಕದ ದುರ್ಬಳಕೆಯನ್ನು ತಡೆಯದ ನಿರ್ಲಕ್ಷ್ಯಕ್ಕೇ ಗ್ರಾಹಕನಿಗೆ 1,500 ಯೂರೋಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಲಾಯಿತು. ಅಮೆರಿಕದಲ್ಲಿ ಪ್ರಮುಖ ಸೇವಾದಾರ ಸಂಸ್ಥೆಗಳು ಹಕ್ಕುದಾರರೊಡನೆ ಒಪ್ಪಂದ ಮಾಡಿಕೊಂಡು 2013ರಲ್ಲಿ ಆರು ಎಚ್ಚರಿಕೆಗಳ ಪದ್ಧತಿಯನ್ನು ಆರಂಭಿಸಿದವು. 2017ರ ಜನವರಿಯಲ್ಲಿ ಅದು ಕೊನೆಗೊಂಡಿತು.

ನಮ್ಮ ದೇಶದಲ್ಲಿ ಇಂತಹ ಹಂತಹಂತದ ಎಚ್ಚರಿಕೆಯ ವ್ಯವಸ್ಥೆ ಜಾರಿಗೆ ಬಂದಿಲ್ಲ. ನ್ಯಾಯಾಲಯದ ಆದೇಶದಂತೆ ನಿರ್ಬಂಧಿಸಿದ ತಾಣಗಳಲ್ಲಿ ಸೂಚನೆಯೊಂದು ಕಾಣಿಸಿಕೊಳ್ಳುವುದುಂಟು. 2016ರಲ್ಲಿ ಅಂತಹ ಸೂಚನೆಯೊಂದು, ನೋಡುವುದು ಕೂಡ ಮೂರು ವರ್ಷಗಳ ಸೆರೆವಾಸಕ್ಕೆ ಅರ್ಹವಾದ ಅಪರಾಧವೆಂಬಂತೆ ಸಾರಿತು. ಕೇವಲ ನೋಡುವುದು ದಂಡನೀಯ ಅಪರಾಧವಲ್ಲವೆಂದು ಬಾಂಬೆ ಉಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಉತ್ಪ್ರೇಕ್ಷೆಯ ಎಚ್ಚರಿಕೆಯಿಂದ ಜನರಲ್ಲಿ ಭಯಕ್ಕಿಂತ ಉದಾಸೀನವೇ ಹೆಚ್ಚುತ್ತದೆ. ಇದು ವಿಷಾದನೀಯ, ಏಕೆಂದರೆ ವ್ಯಾಪಾರಸ್ಥರಿಗೆ ನಿಜವಾಗಿ ಅನ್ವಯಿಸುವ ಕಲಮು ಬೇರೆಯೇ ಇದೆ.

ಕೃತಿಸ್ವಾಮ್ಯ ಅಧಿನಿಯಮ, 1957ರ ಕಲಂ 63ಬಿ ಪ್ರಕಾರ, ಅನಧಿಕೃತ ಪ್ರತಿಯೆಂದು ತಿಳಿದೂ ಗಣಕಯಂತ್ರದ ತಂತ್ರಾಂಶವನ್ನು ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 50,000ದಿಂದ 2 ಲಕ್ಷದವರೆಗೆ ದಂಡವಿದೆ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದವರಿಗೆ ನ್ಯಾಯಾಲಯವು ಸೆರೆವಾಸದಿಂದ ವಿನಾಯಿತಿ ನೀಡಬಹುದು. ಅಂಗಡಿ, ಕಾರ್ಖಾನೆಗಳಲ್ಲಿ ಬಳಸುವ ನಮಗೆ ಆ ರಿಯಾಯಿತಿ ದೊರೆಯದು. ಕಲಂ 69ರಂತೆ ಅಪರಾಧವು ಸಂಸ್ಥೆಯದಾದರೆ ಅದರ ಉಸ್ತುವಾರಿ ಹೊತ್ತವರೂ ಹೊಣೆಗಾರರು. ತಮಗೆ ತಿಳಿಯದೆ ನಡೆಯಿತೆಂದು ಅಥವಾ ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆವೆಂದು ಅವರೇ ಸಾಬೀತುಪಡಿಸಬೇಕಾಗುತ್ತದೆ.

ಲೆಕ್ಕಪರಿಶೋಧನೆಯ ಸಮಯದಲ್ಲಿ ನಾನು ಆಗಾಗ್ಗೆ ಕಾಣುವ ಸಂಗತಿಯೊಂದಿದೆ. ಸ್ಥಿರಾಸ್ತಿಗಳ ಪಟ್ಟಿಯಲ್ಲಿ ಐದು ಗಣಕಯಂತ್ರಗಳಿರುತ್ತವೆ. ಅವುಗಳಲ್ಲಿರುವ ತಂತ್ರಾಂಶದ ಖರೀದಿ ಬಿಲ್ಲು ಒಂದೂ ಇರುವುದಿಲ್ಲ. ನನ್ನ ಕಕ್ಷಿದಾರರೊಬ್ಬರ ಕಚೇರಿಯಲ್ಲಿ ಹುಡುಗನೊಬ್ಬ ಲೆಕ್ಕಪತ್ರದ ತಂತ್ರಾಂಶವನ್ನು ‘ಪುಕ್ಕಟೆಯಾಗಿ’ ಹಾಕಿಕೊಟ್ಟಿದ್ದ. ಮಾರ್ಚ್ ಕೊನೆಯ ವಾರದಲ್ಲಿ ವೈರಸ್ ತಗುಲಿ ಕಡತಗಳು ತೆರೆಯದಾದವು. ಅಧಿಕೃತ ಪರವಾನಗಿ ಇಲ್ಲದ ಕಾರಣ ಯಾರನ್ನೂ ಸಹಾಯಕ್ಕೆ ಕರೆಯುವಂತಿರಲಿಲ್ಲ. ಬಿಲ್ಲುಗಳ ಕಟ್ಟು ಬಿಚ್ಚಿ ಇಡೀ ವರ್ಷದ ಲೆಕ್ಕವನ್ನು ಮತ್ತೆ ಬರೆಯಬೇಕಾಯಿತು.

ಲೆಕ್ಕದ ದೃಷ್ಟಿಯಿಂದಲೂ ಇದು ಉಳಿತಾಯವಲ್ಲ. ವ್ಯಾಪಾರಕ್ಕಾಗಿ ಕೊಂಡ ತಂತ್ರಾಂಶದ ಮೇಲೆ ತೆತ್ತ ಶೇ. 18 ಜಿಎಸ್‌ಟಿಗೆ, ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಆದಾಯ ತೆರಿಗೆಯಲ್ಲಿ ಶೇ. 40ರ ದರದಲ್ಲಿ ಸವಕಳಿಯೂ ಉಂಟು. ಕಾನೂನು ಉಲ್ಲಂಘಿಸಿ ತೆತ್ತ ದಂಡವನ್ನಾದರೋ ವ್ಯಾಪಾರದ ವೆಚ್ಚವೆಂದು ತೋರಿಸುವಂತಿಲ್ಲ.

ಆದ್ದರಿಂದ ಸದಸ್ಯರು ಕೆಲವು ಕ್ರಮಗಳನ್ನು ಇಂದೇ ಕೈಗೊಳ್ಳುವುದು ಲೇಸು. ಪ್ರತಿಯೊಂದು ಗಣಕಯಂತ್ರದ ತಂತ್ರಾಂಶ, ಅದರ ಪರವಾನಗಿ ಮತ್ತು ಬಿಲ್ಲುಗಳ ವಹಿಯೊಂದನ್ನು ಇಡಿ. ವೈಫೈ ಗುಪ್ತಪದವನ್ನು ಬದಲಿಸಿ, ಬಂದು ಹೋಗುವವರಿಗೆ ಪ್ರತ್ಯೇಕ ಸಂಪರ್ಕ ಕೊಡಿ. ಅಕ್ರಮ ಡೌನ್‌ಲೋಡ್ ಮಾಡಕೂಡದೆಂದು ನೌಕರರಿಗೆ ಲಿಖಿತ ಸೂಚನೆ ನೀಡಿ ಸಹಿ ಪಡೆಯಿರಿ. ತಕ್ಕ ಎಚ್ಚರಿಕೆ ವಹಿಸಿದ್ದಿರೆಂಬುದಕ್ಕೆ ನಾಳೆ ಈ ಕಾಗದವೇ ಆಧಾರ. ನೋಟೀಸು ಬಂದಲ್ಲಿ ಗಾಬರಿಯಾಗದೆ, ಕಸದ ಬುಟ್ಟಿಗೂ ಹಾಕದೆ, ತೆರಿಗೆ ಇಲಾಖೆಯ ನೋಟೀಸಿನಂತೆಯೇ ದಿನಾಂಕ ನಮೂದಿಸಿ ನಿಮ್ಮ ಸಲಹೆಗಾರರಿಗೆ ತೋರಿಸಿ.

ಫ್ರಾನ್ಸಿನ ಗ್ರಾಹಕನಿಗೆ ನ್ಯಾಯಾಲಯಕ್ಕೆ ಮುನ್ನ ಎರಡು ಪತ್ರಗಳಾದರೂ ಬರುತ್ತವೆ. ನಮಗೆ ಮೊದಲ ಪತ್ರವೇ ವಕೀಲರದ್ದಾಗಿರಬಹುದು. ಅದಕ್ಕೆ ಮುನ್ನ ಬರಬೇಕಾದ ಎಚ್ಚರಿಕೆಯನ್ನು ನಮಗೆ ನಾವೇ ಕೊಟ್ಟುಕೊಳ್ಳುವುದು ವಿವೇಕ.