ಶಾಲು ಆಮೇಲೆ, ಮೊದಲು ರೈಲು ಟಿಕೆಟ್ಟು

"ಮಾಮಾ, ಅಷ್ಟೂ ರೊಕ್ಕ ದಂಡ ಆತಲ್ಲ?"

ಬೆಂಗಳೂರಿನಿಂದ ವಾಪಸ್ ಬರುವಾಗ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಅಕ್ಕನ ಮಗಳು ಕೇಳಿದ ಪ್ರಶ್ನೆ ಇದು. ತುಮಕೂರು ದಾಟಿ ಎಷ್ಟೋ ಹೊತ್ತಾಗಿತ್ತು, ನಿದ್ದೆ ಹತ್ತಿರಬೇಕು ಅಂದುಕೊಂಡಿದ್ದೆ. ಅವಳು ಮೇಲಿನ ಬರ್ತಿನಲ್ಲಿ ಕಣ್ಣು ಬಿಟ್ಟುಕೊಂಡು ಲೆಕ್ಕ ಹಾಕ್ತಾ ಇದ್ದಳು. ಕಂಠೀರವದಲ್ಲಿ 800 ಮೀಟರ್ ಓಡಿ ಹೀಟ್ಸ್‌ನಲ್ಲೇ ಹೊರಗೆ ಬಿದ್ದಿದ್ದಳು. ಟೈಮು 2 ನಿಮಿಷ 31 ಸೆಕೆಂಡು. ತಮಾಷೆ ಅಂದ್ರೆ, ಅವಳು ಇದುವರೆಗೆ ಓಡಿದ್ದರಲ್ಲೇ ಅದು ಅತ್ಯಂತ ವೇಗದ ಓಟ. ಅದರ ಖುಷಿ ಇರಬೇಕಾದ ಕಡೆ ಹದಿನೈದು ವರ್ಷದ ಹುಡುಗಿಯ ತಲೆಯಲ್ಲಿ ಇದ್ದದ್ದು ರೊಕ್ಕ.

ಆವತ್ತು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. "ಮಲ್ಕೋ ಮಲ್ಕೋ" ಅಂದೆ ಅಷ್ಟೇ. ಆಮೇಲೆ ಯೋಚನೆ ಮಾಡಿದ್ದನ್ನು ಇಲ್ಲಿ ಬರೀತಿದ್ದೀನಿ.

ನಮ್ಮೂರು ಗುಂಜಿ. ಖಾನಾಪುರ ತಾಲೂಕು. ಖಾನಾಪುರಕ್ಕೂ ಲೋಂಡಾಕ್ಕೂ ನಡುವೆ ಒಂದು ಪುಟ್ಟ ರೈಲ್ವೆ ಸ್ಟೇಷನ್, ಮಾವುಲಿ ದೇವಿ ಗುಡಿ, ಸುತ್ತ ಕಾಡು, ಗದ್ದೆ. ನಾನು ಈಗ ಬೆಳಗಾವಿಯಲ್ಲಿದ್ದೀನಿ, ಅಕ್ಕನ ಮನೆ ಊರಲ್ಲೇ. ಅಲ್ಲಿ ಟ್ರ್ಯಾಕು ಗೀಕು ಏನೂ ಇಲ್ಲ. ಹುಡುಗಿ ಓಡೋದು ಡಾಂಬರು ರಸ್ತೆಯಲ್ಲಿ. ಬೆಳಗಿನ ಜಾವ ಕರಡಿ ಭಯ, ಒಬ್ಬಳನ್ನೇ ಬಿಡೋ ಹಾಗಿಲ್ಲ. ಅದಕ್ಕೆ ಭಾವ ಟಿವಿಎಸ್ ಎಕ್ಸ್‌ಎಲ್ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಹಿಂದೆ ಹಿಂದೆ ಹೋಗ್ತಾರೆ. ಆ ಪೆಟ್ರೋಲ್ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಲೆಕ್ಕಕ್ಕೆ ಹಿಡಿದದ್ದು ಇಷ್ಟು: ಇಬ್ಬರಿಗೆ ಹೋಗಿ ಬರೋ ಸ್ಲೀಪರ್ ಟಿಕೆಟ್ 1,400. ಎರಡು ರಾತ್ರಿ ರೂಮು 2,200. ಊಟ, ಆಟೋ 1,700. ಸ್ಪೈಕ್ಸ್ ಶೂ 2,600. ಒಟ್ಟು 7,900 ರೂಪಾಯಿ. ಭಾವ ಖಾನಾಪುರದಲ್ಲಿ ಟೆಂಪೋ ಓಡಿಸ್ತಾರೆ, ತಿಂಗಳಿಗೆ ಹದಿನೈದು ಸಾವಿರ ಸಿಕ್ಕರೆ ದೊಡ್ಡದು. ಅಂದ್ರೆ ಎರಡೂವರೆ ನಿಮಿಷದ ಓಟಕ್ಕೆ ಅರ್ಧ ತಿಂಗಳ ದುಡಿಮೆ! ಅದೂ ಭಾವ ರಜೆ ಹಾಕಿದರೆ ಕೂಲಿ ಹೋಗುತ್ತೆ ಅಂತ ನಾನು ಹೋಗಿದ್ದಕ್ಕೆ. ಶಾಲೆಯ ಕ್ರೀಡಾಕೂಟಕ್ಕಾದರೆ ಪಿಇ ಟೀಚರ್ ಕರೆದುಕೊಂಡು ಹೋಗ್ತಾರೆ. ಇಂಥ ಓಪನ್ ಕೂಟಕ್ಕೆ ಮನೆಯವರೇ ಹೋಗಬೇಕು. ಹೆಣ್ಣುಮಗಳಾದರೆ ಜೊತೆಗೊಬ್ಬರು ಬೇಕೇ ಬೇಕು, ಖರ್ಚು ಡಬಲ್ ಅಂತಲೇ ಅರ್ಥ.

ಸರ್ಕಾರ ಏನೂ ಕೊಡಲ್ಲ ಅಂತ ಹೇಳ್ತಿಲ್ಲ. ಖೇಲೋ ಇಂಡಿಯಾದಲ್ಲಿ ಆಯ್ಕೆಯಾದ ಮಗುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವು ಅಂತ ಗೊತ್ತು ಮಾಡಿದ್ದರು, ಅದರಲ್ಲಿ ತಿಂಗಳಿಗೆ 10 ಸಾವಿರ ಕೈಖರ್ಚಿಗೆ. ಒಳ್ಳೆಯದೇ. ಆದರೆ ಅಷ್ಟು ಎತ್ತರಕ್ಕೆ ಹೋಗಿ ಆಯ್ಕೆಗಾರರ ಕಣ್ಣಿಗೆ ಬೀಳೋ ತನಕ? ಆ ನಡುವಿನ ನಾಲ್ಕೈದು ಮೆಟ್ಟಿಲಲ್ಲೇ ಮಕ್ಕಳು ಉದುರಿ ಹೋಗೋದು. ಕಾಲಲ್ಲಿ ಶಕ್ತಿ ಇಲ್ಲದೆ ಅಲ್ಲ, ಟಿಕೆಟ್ಟಿಗೆ ರೊಕ್ಕ ಇಲ್ಲದೆ. ಮೊದಲು ಕ್ರೀಡಾಪಟುಗಳಿಗೆ ರೈಲಿನಲ್ಲಿ ರಿಯಾಯಿತಿಯಾದರೂ ಇತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಬಹುತೇಕ ರಿಯಾಯಿತಿಗಳನ್ನು ನಿಲ್ಲಿಸಿದರು, ಅದರ ಜೊತೆ ಇದೂ ಹೋಯ್ತು. ಹಿರಿಯ ನಾಗರಿಕರ ರಿಯಾಯಿತಿ ಬಗ್ಗೆ ಪತ್ರಿಕೆಗಳಲ್ಲಿ ಎಷ್ಟು ಗಲಾಟೆ ಆಯ್ತು ನೋಡಿ. ಈ ಮಕ್ಕಳ ಪರವಾಗಿ ಯಾರಾದರೂ ಬಾಯಿ ಬಿಟ್ಟಿದ್ದು ನೆನಪಿದೆಯಾ?

ಇನ್ನು ನಮ್ಮದೇ ತಪ್ಪಿಗೆ ಬರ್ತೀನಿ. ಹೋದ ವರ್ಷ ಪಕ್ಕದ ಊರಿನ ಹುಡುಗನೊಬ್ಬ ಪದಕ ತಂದ. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸು. ಅದರಲ್ಲಿ ಹುಡುಗನ ಫೋಟೋ ಸಣ್ಣದು, ಶುಭ ಕೋರುವವರದು ದೊಡ್ಡದು! ಪೇಟ, ಶಾಲು, ಹಣ್ಣಿನ ಬುಟ್ಟಿ, ಪಟಾಕಿ, ಡೋಲು. ನಾನೂ 500 ರೂಪಾಯಿ ಪಟ್ಟಿ ಕೊಟ್ಟಿದ್ದೆ. ಅದೇ ಹುಡುಗನ ಅಪ್ಪ ಆರು ತಿಂಗಳ ಹಿಂದೆ ಶೂ ಸಲುವಾಗಿ ಕೈಗಡ ಕೇಳಿದಾಗ "ನೋಡೋಣ" ಅಂದಿದ್ದವನೂ ನಾನೇ. ಗೆದ್ದ ಮೇಲೆ ಕೊಡೋದು ಸುಲಭ ಕಣ್ರೀ, ಅದರಲ್ಲಿ ನಮ್ಮದೂ ಒಂದು ಫೋಟೋ ಬರುತ್ತೆ. ಗೆಲ್ಲೋ ಮೊದಲು ಕೊಡೋದೇ ಕಷ್ಟ.

ಪದಕಕ್ಕೆ ಮಾತ್ರ ರೊಕ್ಕ ಅನ್ನೋದು ಇನ್ನೊಂದು ಕೆಟ್ಟ ಕೆಲಸ ಮಾಡುತ್ತೆ. ಸಾಲ ಮಾಡಿ ಕಳಿಸಿದ ಮನೆಯವರಿಗೆ ಪದಕ ಬಂದೇ ಬರಬೇಕು. ವಯಸ್ಸು ಕಡಿಮೆ ತೋರಿಸಿ ಓಡಿಸೋ ಆಸೆ ಹುಟ್ಟೋದು ಅಲ್ಲಿಂದಲೇ. ನಮ್ಮ ಜೂನಿಯರ್ ಅಥ್ಲೆಟಿಕ್ಸಿಗೆ ಅದು ಹಳೇ ಕಾಯಿಲೆ. ಮಕ್ಕಳ ಕೈ ಮೂಳೆ ಎಕ್ಸ್‌ರೇ ತೆಗೆದು ವಯಸ್ಸು ನೋಡೋ ಪರಿಸ್ಥಿತಿ ಸುಮ್ಮನೆ ಬಂದಿಲ್ಲ.

ಮೊದಲೇ ಕೊಟ್ಟರೆ ಏನಾಗುತ್ತೆ? ಕೇರಳ ನೋಡಿ. 1976ರಲ್ಲಿ ಅಲ್ಲಿನ ಸರ್ಕಾರ ಕಣ್ಣೂರಿನಲ್ಲಿ ಹೆಣ್ಣುಮಕ್ಕಳ ಕ್ರೀಡಾ ವಿಭಾಗ ಶುರು ಮಾಡಿ 40 ಹುಡುಗಿಯರನ್ನು ಸೇರಿಸಿಕೊಂಡಿತು. ಅವರಲ್ಲಿ ಒಬ್ಬಳು ಪಿ.ಟಿ. ಉಷಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅವರಿಗೆ ಪದಕ ತಪ್ಪಿತು. ಉಳಿದ 39 ಹುಡುಗಿಯರ ಮೇಲೆ ಹಾಕಿದ್ದು ದಂಡವಾ? ಆ 39 ಇಲ್ಲದೆ ಆ ಒಬ್ಬಳು ಎಲ್ಲಿಂದ ಬರಬೇಕಿತ್ತು?

ಉಲ್ಟಾ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಗೆ ಸಿದ್ದಿ ಜನಾಂಗದ ಮಕ್ಕಳನ್ನು ಆರಿಸಿ ತರಬೇತಿ ಕೊಡಿಸಿತು. ನಮ್ಮ ಖಾನಾಪುರ ತಾಲೂಕಿನಲ್ಲೂ ಸಿದ್ದಿಗಳಿದ್ದಾರೆ. ಒಲಿಂಪಿಕ್ ಪದಕದ ದೊಡ್ಡ ದೊಡ್ಡ ಮಾತಾಯ್ತು. ಕೆಲವೇ ವರ್ಷಕ್ಕೆ, 90ರ ದಶಕದಲ್ಲಿ, ಯೋಜನೆ ನಿಂತು ಹೋಯ್ತು. ಎಷ್ಟೋ ಮಕ್ಕಳು ಸುಮ್ಮನೆ ಊರಿಗೆ ವಾಪಸ್ ಬಂದರು. ಪದಕದ ಅವಸರ ಇದ್ದವರಿಗೆ ಮಕ್ಕಳು ಬೆಳೆಯೋ ತನಕ ಕಾಯೋ ತಾಳ್ಮೆ ಇರೋದಿಲ್ಲ.

ನನ್ನ ವಾದ ಇಷ್ಟೇ. ಪ್ರತಿ ಊರಲ್ಲೂ ಗಣಪತಿಗೆ, ಜಾತ್ರೆಗೆ ಪಟ್ಟಿ ಎತ್ತುತ್ತೀವಿ. ಅದರಲ್ಲಿ ಒಂದು ಪಾಲು ಓಡೋ ಮಕ್ಕಳ ಪ್ರಯಾಣಕ್ಕೆ ತೆಗೆದಿಡೋಣ. ಓಟದ ಮೊದಲೇ ಟಿಕೆಟ್ ಮಾಡಿಸಿ ಕೈಗೆ ಕೊಡೋದು. ಹುಡುಗಿಯಾದರೆ ಜೊತೆಗೆ ಹೋಗೋ ಅವ್ವನದೋ ಅತ್ತೆಯದೋ ಟಿಕೆಟ್ಟೂ ಸೇರಿಸಿ. ಪದಕ ಎಲ್ಲಿ ಅಂತ ಬಂದ ಮೇಲೆ ಕೇಳಬಾರದು. "ಎಲ್ಲರಿಗೂ ಕೊಡೋಕೆ ಆಗುತ್ತಾ?" ಅಂತೀರಾ? ಒಂದು ಊರಿಂದ ರಾಜ್ಯ ಮಟ್ಟಕ್ಕೆ ಹೋಗೋ ಮಕ್ಕಳು ವರ್ಷಕ್ಕೆ ಒಬ್ಬರೋ ಇಬ್ಬರೋ. ಒಂದು ಸನ್ಮಾನದ ಫ್ಲೆಕ್ಸು, ಪಟಾಕಿ ಬಿಟ್ಟರೆ ಆಯ್ತು.

ಹೋದ ವಾರ ಊರಿಗೆ ಹೋಗಿದ್ದೆ. ಅಕ್ಕನ ಮಗಳಿಗೆ ರೈಲಿನಲ್ಲಿ ಬಾಕಿ ಉಳಿದ ಉತ್ತರ ಕೊಟ್ಟೆ. "ದಂಡ ಅಲ್ಲವಾ ಅದು. ನಿನ್ನ ಶಾಲಿ ಫೀ ಕಟ್ಟಿದಾಗ ಫಸ್ಟ್ ರ‍್ಯಾಂಕ್ ಬರಲಿಲ್ಲ ಅಂತ ಯಾರರ ದಂಡ ಅಂದಾರೇನು?"

ಅವಳು ನಕ್ಕಳು. ಆಮೇಲೆ ಮೆಲ್ಲಗೆ, "ಮುಂದಿನ ಮೀಟ್ ಮೈಸೂರಾಗ ಐತಂತ ಮಾಮಾ" ಅಂದಳು.

ಎರಡು ಟಿಕೆಟ್ ಬುಕ್ ಮಾಡಿದ್ದೀನಿ. ನಿಮ್ಮೂರಲ್ಲೂ ಇಂಥ ಒಂದು ಮಗು ಇದ್ದೇ ಇರುತ್ತೆ. ಒಮ್ಮೆ ಕೇಳಿ ನೋಡಿ. ಏನಂತೀರಿ?