ತೀಸ್ತಾ: ಪಾಲಿನ ಜಗಳ ಹಳೆಯದು, ಅಪಾಯ ಹೊಸದು

ತೀಸ್ತಾ ನೀರಿನಲ್ಲಿ ಯಾರಿಗೆಷ್ಟು ಎಂಬ ಪ್ರಶ್ನೆಯನ್ನು ಭಾರತ ಮತ್ತು ಬಾಂಗ್ಲಾದೇಶ ದಶಕಗಳಿಂದ ಎಳೆದಾಡುತ್ತಿವೆ. 1983ರ ತಾತ್ಕಾಲಿಕ ಒಪ್ಪಂದ ಭಾರತಕ್ಕೆ ಶೇ 39, ಬಾಂಗ್ಲಾಕ್ಕೆ ಶೇ 36 ಎಂದಿತು. ಉಳಿದ ಕಾಲು ಭಾಗ ಇತ್ಯರ್ಥವಾಗಲಿಲ್ಲ. 2011ರಲ್ಲಿ ಸಿದ್ಧವಾಗಿದ್ದ ಕರಡು ಒಪ್ಪಂದಕ್ಕೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ. ಪಾಲು ಮಾಡಬೇಕಾದ ನದಿಯೇ ಹದಗೆಡುತ್ತಿರುವುದು ಮಾತ್ರ ಈ ಲೆಕ್ಕದಲ್ಲಿ ಸೇರಿಲ್ಲ.

2023ರ ಅಕ್ಟೋಬರ್ 3ರ ರಾತ್ರಿ ಉತ್ತರ ಸಿಕ್ಕಿಂನಲ್ಲಿ, ಸುಮಾರು 5,200 ಮೀಟರ್ ಎತ್ತರದಲ್ಲಿರುವ ದಕ್ಷಿಣ ಲ್ಹೋನಕ್ ಸರೋವರಕ್ಕೆ ಹೆಪ್ಪುಗಟ್ಟಿದ್ದ ಗುಡ್ಡವೊಂದು ಕುಸಿದುಬಿತ್ತು. ಅಲೆ ಎದ್ದು ದಂಡೆ ಒಡೆಯಿತು. ಪ್ರವಾಹ ತೀಸ್ತಾಕ್ಕೆ ನುಗ್ಗಿ, ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವಾಟ್ ಜಲವಿದ್ಯುತ್ ಯೋಜನೆಯ ಅಣೆಕಟ್ಟು ಕೆಲವೇ ನಿಮಿಷಗಳಲ್ಲಿ ಕೊಚ್ಚಿಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು, ಇಲ್ಲವೇ ಪತ್ತೆಯಾಗದೆ ಹೋದರು. ಇದನ್ನು ದೈವದ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಹಿಮನದಿ ಕರಗಿ ಸರೋವರ ಹಿಗ್ಗುತ್ತಿರುವುದು ಮೊದಲೇ ತಿಳಿದಿತ್ತು. 2016ರಲ್ಲೇ ಕೊಳವೆ ಹಾಕಿ ನೀರು ಹೊರಬಿಡುವ ಪ್ರಯತ್ನ ನಡೆದಿತ್ತು. ಕ್ಯಾಮೆರಾ ಕೂರಿಸಿದ್ದು ದುರಂತಕ್ಕೆ ಕೆಲವೇ ವಾರ ಮೊದಲು. ಕೆಳಗಿನ ಊರುಗಳನ್ನು ಎಚ್ಚರಿಸುವ ವ್ಯವಸ್ಥೆ ಆಗಿನ್ನೂ ಪೂರ್ತಿಯಾಗಿರಲಿಲ್ಲ.

ಅಂದು ಬಂದ ಹೂಳು ಹೋಗಿಲ್ಲ. ನದಿಪಾತ್ರ ಮೇಲೆದ್ದಿದೆ, ಸಾಧಾರಣ ಮಳೆಗೂ ಕಾಲಿಂಪಾಂಗ್ ಜಿಲ್ಲೆಯ ತೀಸ್ತಾ ಬಜಾರ್‌ನ ಮನೆಗಳಿಗೆ ನೀರು ನುಗ್ಗುತ್ತದೆ, ಸಿಕ್ಕಿಂಗೆ ಹೋಗುವ 10ನೇ ರಾಷ್ಟ್ರೀಯ ಹೆದ್ದಾರಿ ಮುಚ್ಚುತ್ತದೆ. ಇಷ್ಟಾದರೂ ಬಂದ ಬುದ್ಧಿ ಯಾವುದು? ಕೊಚ್ಚಿಹೋದ 60 ಮೀಟರ್ ಅಣೆಕಟ್ಟಿನ ಜಾಗದಲ್ಲಿ 118 ಮೀಟರ್ ಮೀರಿದ ಕಾಂಕ್ರೀಟ್ ಅಣೆಕಟ್ಟು ಕಟ್ಟಲು ಪರಿಸರ ಸಚಿವಾಲಯದ ತಜ್ಞ ಸಮಿತಿ 2025ರ ಜನವರಿಯಲ್ಲಿ ಶಿಫಾರಸು ಮಾಡಿತು! ಉತ್ತರ ಸಿಕ್ಕಿಂನ ಜೊಂಗು ಪ್ರದೇಶದ ಲೆಪ್ಚಾ ಬುಡಕಟ್ಟಿನ ಯುವಕರು 2007ರಲ್ಲೇ ಉಪವಾಸ ಕೂತು ಈ ಕಣಿವೆಯ ಯೋಜನೆಗಳನ್ನು ವಿರೋಧಿಸಿದ್ದರು.

ಗಡಿಯಾಚೆಯ ಪಾಡು ಬೇರೆ. ಬೇಸಿಗೆಯಲ್ಲಿ ಪಶ್ಚಿಮ ಬಂಗಾಳದ ಗಜೋಲ್ಡೋಬಾ ಬ್ಯಾರೇಜ್ ನೀರನ್ನು ಕಾಲುವೆಗೆ ತಿರುಗಿಸಿದರೆ ಬಾಂಗ್ಲಾದ ದಾಲಿಯಾದಲ್ಲಿ ಮರಳೇ ಮರಳು. ಮಳೆಗಾಲದಲ್ಲಿ ಗೇಟು ತೆರೆದರೆ ಅಲ್ಲಿನ ರೈತರ ಗದ್ದೆಗಳು ಮುಳುಗುತ್ತವೆ.

ಗಂಗಾ ನೀರಿನ 1996ರ ಒಪ್ಪಂದದ ಮೂವತ್ತು ವರ್ಷಗಳ ಅವಧಿ 2026ರ ಡಿಸೆಂಬರ್‌ಗೆ ಮುಗಿಯುವುದರಿಂದ ಎರಡೂ ದೇಶಗಳು ನದಿಗಳ ಬಗ್ಗೆ ಮಾತಾಡಲೇಬೇಕು. ಆಗ ತೀಸ್ತಾವನ್ನು ಬರೀ ಶೇಕಡಾವಾರಿಗೆ ಕಟ್ಟಿಹಾಕಬಾರದು. ಸಿಕ್ಕಿಂನ ಹಿಮಸರೋವರಗಳ ಮಾಹಿತಿ ಆಯಾ ಕ್ಷಣಕ್ಕೇ ದಾಲಿಯಾಕ್ಕೆ ತಲುಪಬೇಕು. ಹೂಳಿನ ಹೊಣೆ ಯಾರದೆಂದು ಬರೆದುಕೊಳ್ಳಬೇಕು. ಚುಂಗ್‌ಥಾಂಗ್‌ನ ಹೊಸ ಅಣೆಕಟ್ಟಿನ ಕೆಲಸವನ್ನು ಅಲ್ಲಿಯವರೆಗೆ ಕೇಂದ್ರ ತಡೆಹಿಡಿಯಬೇಕು.